ಹದಿನಾಲ್ಕನೆಯ ಜೋಡಣೆ

ಬೆಳಿಗ್ಗೆ ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ಮೈಬೂಬ ಎರಡನೆಯ ಸಲ ‘ಹದಿನಾಕು’ ಎಂದ.

ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಅದನ್ನು ಬರೆದುಕೊಳ್ಳುವುದೇ ಅಂದು ನನ್ನ ಕೆಲಸವಾಗಿತ್ತು. ಬಬಲೇಶ್ವರದ ಆಚೆ, ಕಾಲುವೆಯ ನೀರನ್ನು ಪಂಪಿನ ಬಾವಿಗೆ ತರುವ ಒಂದು ಕಾಂಕ್ರೀಟ್ ಸುರಂಗವಿದೆ. ನೀರು ತುಂಬಿದ ಆ ಸುರಂಗದೊಳಗೆ ನಮ್ಮ ಡೈವರ್ ಮೈಬೂಬ ಹೋಗಿದ್ದ. ಸುರಂಗವನ್ನು ತುಂಡು ತುಂಡಾಗಿ ಎರಕ ಹೊಯ್ದು ಜೋಡಿಸಿದ್ದರು. ಒಟ್ಟು ಇಪ್ಪತ್ತಾರು ಜೋಡಣೆ. ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೈಯಾಡಿಸಿ ನೋಡುತ್ತ, ಮುಖವಾಡದೊಳಗಿನ ಫೋನಿನಲ್ಲಿ ಒಂದೊಂದರ ಸಂಖ್ಯೆ ಹೇಳುತ್ತ ಅವನು ಮುಂದೆ ಸಾಗಬೇಕು. ನಾನು ಮೇಲೆ ಬಾವಿಯ ಕಟ್ಟೆಯ ಮೇಲೆ ಕೂತು, ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬರೆದುಕೊಳ್ಳಬೇಕು.

“ಹದಿನಾಕು. ಚಲೋ ಐತಿ,” ಎಂದಿದ್ದ. ಬರೆದೆ. ಎರಡು ನಿಮಿಷ ಬಿಟ್ಟು ಮತ್ತೆ, “ಹದಿನಾಕು. ಚಲೋ ಐತಿ.”

“ಮೈಬೂ, ಹದಿನಾಕು ಆಗೇತಿ. ಈಗಿಂದು ಹದಿನೈದು.”

“ಹದಿನಾಕು,” ಎಂದ ಅವನು, ಹಟ ಹಿಡಿದವನ ದನಿಯಲ್ಲಿ. ಮಾತಿನ ಹಿಂದೆ ಅವನ ಉಸಿರು ಕೇಳುತ್ತಿತ್ತು. ಮೂರು ಮಾಳಿಗೆ ಹತ್ತಿ ಬಂದವನ ಉಸಿರಿನ ಹಾಗೆ.

ನಾನು ನಿವೃತ್ತನಾಗಿ ಮೂರು ವರ್ಷವಾಯಿತು. ನನ್ನ ಜಾಗಕ್ಕೆ ಬಂದವರು ಆಗಾಗ ಫೋನ್ ಮಾಡಿ, ಡೈವರನ ಉಸಿರಿನ ಡಬ್ಬಿ ತುಂಬುವುದು ಹೇಗೆ, ಎಷ್ಟು ತಾಸಿಗೆ ಬದಲಿಸಬೇಕು ಎಂದು ಕೇಳುತ್ತಾರೆ. ಅದೆಲ್ಲ ಉಪಕರಣದ ಜೊತೆ ಬರುವ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇರುವುದನ್ನೂ ನಾವು ಹೇಗೆ ಓದದೆ ಬಿಡುತ್ತೇವೆ ಎಂಬುದನ್ನು ಅವರಿಗಾಗಿ ಬರೆದಿಡೋಣವೆಂದು ಕೂತಿದ್ದೇನೆ.

ನನ್ನದು ತಿಕೋಟಾ. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ತೋಟ ಅಣ್ಣನಿಗೆ ಒಲಿಯಿತು. ನಾನು ವಿಜಯಪುರದಲ್ಲಿ ಬಿ.ಎಸ್ಸಿ ಮುಗಿಸಿ, ರಸಾಯನಶಾಸ್ತ್ರದ ಅಂಕಪಟ್ಟಿ ಹಿಡಿದುಕೊಂಡು ಸ್ಟೇಷನ್ ರಸ್ತೆಯ ಎರಡು ಕೋಣೆಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ನೀರಿನೊಳಗಿನ ರಿಪೇರಿ ಕೆಲಸ ಮಾಡಿಕೊಡುವ ಸಣ್ಣ ಕಂಪನಿ ಅದು. ಸಮುದ್ರವೇ ಇಲ್ಲದ ಊರಿನಲ್ಲಿ ಡೈವರುಗಳಿಗೆ ಏನು ಕೆಲಸ ಎಂದು ನೆಂಟರು ಕೊನೆಯವರೆಗೂ ಕೇಳುತ್ತಿದ್ದರು. ನೀರು ನಿಂತಲ್ಲೆಲ್ಲ ಕೆಲಸವಿದೆ. ಬ್ಯಾರೇಜಿನ ಗೇಟು ಸಿಕ್ಕಿಕೊಳ್ಳುತ್ತದೆ, ಪಂಪಿನ ಬಾವಿಯ ಜಾಳಿಗೆಗೆ ಕಸ ಅಡರುತ್ತದೆ, ಸುರಂಗ ಸೋರುತ್ತದೆ. ನೀರು ಖಾಲಿ ಮಾಡಿ ನೋಡುವುದಕ್ಕಿಂತ ಒಬ್ಬ ಮನುಷ್ಯನನ್ನು ಇಳಿಸುವುದು ಸಲೀಸು. ಹಾಗೆ ಇಳಿದವನಿಗೆ ಉಸಿರು ಸಿಗುವಂತೆ ನೋಡಿಕೊಳ್ಳುವುದು ಮೂವತ್ತೊಂದು ವರ್ಷ ನನ್ನ ಕೆಲಸವಾಗಿತ್ತು.

ಸಾಮಾನ್ಯ ಸಿಲಿಂಡರಿನಲ್ಲಿ ಡೈವರ್ ಬಿಟ್ಟ ಉಸಿರು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಸುರಂಗದಲ್ಲಿ ಆ ಗುಳ್ಳೆಗಳು ಚಾವಣಿಗೆ ಬಡಿದು ವರ್ಷಗಳ ರಾಡಿಯನ್ನೆಲ್ಲ ಕೆಳಗೆ ಉದುರಿಸುತ್ತವೆ. ನೀರು ಹಾಲು ಹಾಕಿದ ಚಹಾದಂತಾಗಿ ಕೈ ಕೂಡ ಕಾಣುವುದಿಲ್ಲ. ಅದಕ್ಕಾಗಿ ಅಲ್ಲಿ ಬೇರೆ ಬಗೆಯ ಉಪಕರಣ ಬಳಸುತ್ತೇವೆ. ಬಿಟ್ಟ ಉಸಿರು ಹೊರಗೆ ಹೋಗದೆ ಬೆನ್ನಿನ ಮೇಲಿನ ಒಂದು ಡಬ್ಬಿಯ ಮೂಲಕ ಹಾಯ್ದು, ತುಸು ಆಮ್ಲಜನಕ ಸೇರಿಸಿಕೊಂಡು, ಅದೇ ಮನುಷ್ಯನ ಬಾಯಿಗೆ ಮರಳಿ ಬರುತ್ತದೆ. ಆ ಡಬ್ಬಿಯ ತುಂಬ ಬಿಳಿಯ ಕಾಳುಗಳು, ಸಾಬೂದಾಣಿಗಿಂತ ತುಸು ಒರಟು. ಸೋಡಾ ಲೈಮ್ ಎಂದು ಹೆಸರು. ನಮ್ಮ ಬಾಯಲ್ಲಿ ಸುಣ್ಣದ ಕಾಳು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಳ್ಳಬೇಕು. ಹೀರದಿದ್ದರೆ ಮನುಷ್ಯ ತನ್ನ ಉಸಿರಿನಿಂದಲೇ ಕೆಡುತ್ತಾನೆ. ಮೊದಲು ಏದುಸಿರು, ಆಮೇಲೆ ತಲೆನೋವು, ಆಮೇಲೆ ಬುದ್ಧಿ ಮಂಕು. ಮಂಕಾದವನಿಗೆ ತಾನು ಮಂಕಾಗಿದ್ದೇನೆಂದು ತಿಳಿಯುವುದಿಲ್ಲ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಇದಕ್ಕೆ.

ಡಬ್ಬಿ ತುಂಬುವುದನ್ನು ಕಲಿಸಿದವರು ನಮ್ಮ ಮೇಲಧಿಕಾರಿ ಹಿರೇಮಠ ಸಾಹೇಬರು. ನೌಕಾಪಡೆಯಲ್ಲಿ ಡೈವಿಂಗ್ ವಿಭಾಗದಲ್ಲಿದ್ದು ಊರಿಗೆ ಮರಳಿದವರು. ಸ್ವಲ್ಪ ಸುರಿ, ಬದಿಗೆ ಬೆರಳಿನಿಂದ ಬಡಿ, ಕಾಳು ಕೂರಲಿ, ಮತ್ತೆ ಸುರಿ. ಎಲ್ಲಿಯೂ ಸಂದು ಉಳಿಯಬಾರದು. “ಹೊಲದಾಗ ನೀರ ಹಾಯಿಸಿ ಗೊತ್ತೈತಿಲ್ಲೋ ನಿನಗ? ಒಡ್ಡಿನ್ಯಾಗ ಒಂದ ಇಲಿ ತೂತ ಇದ್ರ ನೀರೆಲ್ಲಾ ಅಲ್ಲೇ ಹೋಗತೈತಿ. ಉಸಿರೂ ಹಂಗ,” ಎಂದಿದ್ದರು. ರೈತರ ಮನೆಯವನಿಗೆ ಅಷ್ಟು ಸಾಕಾಯಿತು.

ಎರಡನೆಯ ಪಾಠ ನನ್ನ ತಪ್ಪಿನಿಂದಲೇ ಬಂತು. ಕಾಳಿಗೆ ಒಂದು ಬಣ್ಣ ಬೆರೆಸಿರುತ್ತಾರೆ. ಹೀರಿ ದಣಿದಂತೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೇರಿದ ವರ್ಷ, ನೇರಳೆಯಾಗಿದ್ದ ಡಬ್ಬಿಯೊಂದನ್ನು ಖಾಲಿ ಮಾಡದೆ ಮನೆಗೆ ಹೋದೆ. ಮರುದಿನ ನೋಡಿದರೆ ಕಾಳೆಲ್ಲ ಬೆಳ್ಳಗೆ. ವಿಶ್ರಾಂತಿ ಸಿಕ್ಕು ಸುಧಾರಿಸಿದೆ ಎಂದುಕೊಂಡು, ಸಿದ್ಧವಾಗಿರುವ ಡಬ್ಬಿಗಳ ಸಾಲಿನಲ್ಲಿ ಇಟ್ಟೆ. ಸಾಹೇಬರು ಬೈಯಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಅದೇ ಡಬ್ಬಿ ಜೋಡಿಸಿದ ಮುಖವಾಡವನ್ನು ನನ್ನ ಮುಖಕ್ಕೆ ಕಟ್ಟಿದರು. ಎದುರಿಗೆ ಕೂತು ಕಣ್ಣು ತೆಗೆಯದೆ ನೋಡುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಎದೆ ಕಮ್ಮಾರನ ತಿದಿಯಂತೆ ಆಡತೊಡಗಿತು, ಹಣೆ ಸಿಡಿಯಿತು.

ಮುಖವಾಡ ಬಿಚ್ಚಿ, “ಬಣ್ಣಾ ತಿರುಗಿ ಬರತೈತಿ, ಶಕ್ತಿ ಬರೂದಿಲ್ಲ. ತಿಳೀತೇನು?” ಎಂದರು.

ಇಂದು ಯಾರೂ ಯಾರಿಗೂ ಹೀಗೆ ಕಲಿಸಬಾರದು. ಆದರೆ ಆ ಕುರ್ಚಿಯ ಮೇಲಿನ ಹತ್ತು ನಿಮಿಷವನ್ನು ನನ್ನ ಎದೆ ಈಗಲೂ ಮರೆತಿಲ್ಲ.

ಸಾಹೇಬರ ಇನ್ನೊಂದು ಪದ್ಧತಿ ನಮಗೆಲ್ಲ ನಗೆಯ ವಿಷಯವಾಗಿತ್ತು. ಮುಖವಾಡಕ್ಕೆ ಹತ್ತಿದಂತೆ ಎಡ ಎದೆಯ ಮೇಲೆ ಒಂದು ಚಾವಿ ಇರುತ್ತದೆ. ಅದನ್ನು ತಿರುವಿದರೆ ಡಬ್ಬಿಯ ದಾರಿ ಮುಚ್ಚಿ, ಪಕ್ಕದಲ್ಲಿ ಕಟ್ಟಿದ ಸಣ್ಣ ಸಿಲಿಂಡರಿನ ಶುದ್ಧ ಗಾಳಿ ಬಾಯಿಗೆ ಬರುತ್ತದೆ. ಆಪತ್ತಿಗೆಂದೇ ಇಟ್ಟದ್ದು. ಸಾಹೇಬರು ಹೊತ್ತು ಗೊತ್ತು ನೋಡದೆ, ಚಹಾ ಕುಡಿಯುವಾಗ, ಜೀಪಿನಲ್ಲಿ ಹೋಗುವಾಗ, ಜೋಳದ ರೊಟ್ಟಿ ಮುರಿಯುವಾಗ, ಇದ್ದಕ್ಕಿದ್ದಂತೆ “ಚಾವಿ” ಎನ್ನುತ್ತಿದ್ದರು. ಡೈವರ್ ತಕ್ಷಣ ಎಡ ಎದೆಗೆ ಕೈ ಒಯ್ದು, ಇಲ್ಲದ ಚಾವಿಯನ್ನು ತಿರುವಬೇಕು. ತಡವಾದರೆ ಆ ದಿನ ಎಲ್ಲರ ಚಹಾದ ದುಡ್ಡು ಅವನದು.

“ಸಾಹೇಬ್ರ, ನಮ್ಮ ಮನಿಯಾಕಿ ಕಪಾಟಿನ ಚಾವಿ ಕೇಳಿದ್ರೂ ನಾ ಎದಿ ತಿರವಿಕೋತೇನ್ರಿ,” ಎಂದು ಮೈಬೂಬ ದೂರಿದ್ದ.

“ತಿರವಿಕೋ. ಏನ ಹೋಗತೈತಿ ನಿಂದು,” ಎಂದಿದ್ದರು ಸಾಹೇಬರು.

ಮೈಬೂಬ ನನಗಿಂತ ಹತ್ತು ವರ್ಷ ಚಿಕ್ಕವನು, ವಿಜಯಪುರದಲ್ಲೇ ಹುಟ್ಟಿ ಬೆಳೆದವನು. ಹಳೆಯ ಬಾವಡಿಗಳಲ್ಲಿ ಈಜು ಕಲಿತು, ಸಾಹೇಬರ ಕೈಯಲ್ಲಿ ಡೈವರ್ ಆದ. ನನ್ನನ್ನು ಬಸಣ್ಣ ಎನ್ನುತ್ತಿದ್ದ. ನೀರಿಗೆ ಇಳಿಯುವ ಮುಂಚೆ ನಾನು ತುಂಬಿದ ಡಬ್ಬಿಯನ್ನು ಒಂದು ಸಲ ತಟ್ಟಿ, “ಬಸಣ್ಣನ ಬುತ್ತಿ” ಎನ್ನುವುದು ಅವನ ರೂಢಿ. ತೆರೆದು ನೋಡಿದ್ದು ಒಮ್ಮೆಯೂ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸುರಂಗದ ಕೆಲಸಕ್ಕೆ ಒಂದು ವಾರ ಮೊದಲು ಉಗ್ರಾಣದಲ್ಲಿದ್ದ ಸುಣ್ಣದ ಕಾಳಿನ ಹೊಸ ಡ್ರಮ್ಮನ್ನು ಬಿಚ್ಚಿದೆ. ಬೇಸಿಗೆ ಕಾಲ, ತಗಡಿನ ಮಾಡು. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳು ಕೂತಿದ್ದವು. ಕೈ ಹಾಕಿದರೆ ಕಾಳು ಹಸಿ ಹಸಿ. ಅಲ್ಲಿಯವರೆಗೂ ಸಾಹೇಬರೇ ಡ್ರಮ್ ಬಿಚ್ಚಿ, ಚೀಲಗಳಿಗೆ ತುಂಬಿ ನನಗೆ ಕೊಡುತ್ತಿದ್ದರು; ನಾನು ಕೈ ತಾಗಿಸದೆ ಚೀಲದಿಂದಲೇ ಡಬ್ಬಿಗೆ ಸುರಿಯುತ್ತಿದ್ದೆ. ಆ ವಾರ ಅವರು ಬ್ಯಾರೇಜಿನ ಕೆಲಸಕ್ಕೆಂದು ಹೊರಗಿದ್ದರು. ಬೇರೆ ಡ್ರಮ್ ಬರಲು ಹದಿನೈದು ದಿನ ಬೇಕು. ಕಾಲುವೆಗೆ ಹೊಸ ನೀರು ಬಿಟ್ಟು ಸುರಂಗದಲ್ಲಿ ಸೆಳೆತ ಶುರುವಾಗುವ ಮುಂಚೆ ಅದನ್ನು ನೋಡಿ ಮುಗಿಸಬೇಕು.

ತಿಕೋಟಾದಲ್ಲಿ ಹುಟ್ಟಿದವನಿಗೆ ಹಸಿ ಎಂದರೆ ಕೆಟ್ಟದ್ದು ಎಂದೇ ಅರ್ಥ. ಒಣದ್ರಾಕ್ಷಿಗೆ ನಾವು ಮಣೂಕ ಎನ್ನುತ್ತೇವೆ. ಮಣೂಕದಲ್ಲಿ ತೇವ ಉಳಿದರೆ ಪೆಟ್ಟಿಗೆಗೆ ಪೆಟ್ಟಿಗೆಯೇ ಬೂಷ್ಟು ಹಿಡಿಯುತ್ತದೆ. ಅವ್ವ ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಅಂಗೈ ನೋಡಿಕೊಂಡು ತೀರ್ಮಾನ ಹೇಳುತ್ತಿದ್ದಳು. ನಾನೂ ಮುಷ್ಟಿ ಹಿಡಿದೆ, ಬಿಟ್ಟೆ, ಅಂಗೈ ನೋಡಿಕೊಂಡೆ. ಡ್ರಮ್ಮನ್ನು ಜೀಪಿಗೆ ಹಾಕಿ ಊರಿಗೆ ಒಯ್ದೆ.

ಅಣ್ಣನ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಮೇಲಿನ ಒಂದು ಅಂತಸ್ತು ಖಾಲಿಯಿತ್ತು. ಅದರ ಮೇಲೆ ಬಿಳಿ ಧೋತರ ಹಾಸಿ ಕಾಳು ಹರವಿದೆ.

“ಇದೇನೋ ತಮ್ಮಾ, ಸಾಬೂದಾಣಿ ವ್ಯಾಪಾರ ಹಿಡದ್ಯೇನು?” ಎಂದ ಅಣ್ಣ.

“ಹಸಿ ಆಗೇತೋ ಯಣ್ಣಾ. ಬಿಸಲಿಗೆ ಹಾಕಿದ್ರ ಕೆಡತೈತೇನೋ ಅಂತ ನೆಳ್ಳಿಗೆ ತಂದೇನಿ.”

“ಹಾಕು. ಈ ಗಾಳಿಗೆ ಎರಡ ದಿನಾ ಸಾಕು, ಖಣ ಖಣ ಅಂತೈತಿ.”

ಎರಡು ದಿನದ ಮೇಲೆ ಹೋದಾಗ ಕಾಳು ನಿಜಕ್ಕೂ ಖಣ ಖಣ ಅನ್ನುತ್ತಿತ್ತು. ಇಂಥ ಉಪಾಯ ನನ್ನನ್ನು ಬಿಟ್ಟು ಯಾರಿಗೆ ಹೊಳೆಯುತ್ತಿತ್ತು ಎಂದು ಜೀಪಿನಲ್ಲಿ ಬರುವಾಗ ಖುಷಿಯೇ ಆಗಿತ್ತು.

ಆ ತೇವವನ್ನು ಕಾಳು ತಯಾರಿಸುವವರೇ ಬೇಕೆಂದು ಹಾಕಿರುತ್ತಾರೆ. ಇಂಗಾಲದ ಡೈಆಕ್ಸೈಡ್ ಮೊದಲು ನೀರಿನಲ್ಲಿ ಕರಗಬೇಕು, ಆಮೇಲೆ ಸುಣ್ಣ ಅದನ್ನು ಹಿಡಿಯುತ್ತದೆ. ಒಣಗಿದ ಕಾಳಿನ ನಡುವೆ ಉಸಿರು ಖಾಲಿ ಜಾಳಿಗೆಯಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ. ಕಾಲೇಜಿನಲ್ಲಿ ಕೊಳವೆಯಿಂದ ಸುಣ್ಣದ ನೀರಿಗೆ ಊದಿ, ಅದು ಹಾಲಿನಂತಾಗುವುದನ್ನು ನೋಡಿದವನು ನಾನು. ಪುಡಿ ಸುಣ್ಣಕ್ಕೆ ಯಾಕೆ ಊದಲಿಲ್ಲ, ನೀರಿಗೇ ಯಾಕೆ ಊದಿದೆವು ಎಂದು ಅಂದು ಕೇಳಿಕೊಂಡಿದ್ದರೆ ಸಾಕಿತ್ತು. ಡ್ರಮ್ಮಿನ ಮೈಮೇಲೆ ತೇವದ ಪ್ರಮಾಣ ಸಣ್ಣ ಅಕ್ಷರದಲ್ಲಿ ಬರೆದಿತ್ತು ಕೂಡ. ನಾನು ನೋಡಿದ್ದು ತಾರೀಖು ಮಾತ್ರ.

ಕಾಳು ಕೆಲಸ ಮಾಡಿದರೆ ಡಬ್ಬಿ ಬೆಚ್ಚಗಾಗುತ್ತದೆ. ಅದಕ್ಕಾಗಿ ಇಳಿಯುವ ಮುಂಚೆ ಐದು ನಿಮಿಷ ಮೇಲೆಯೇ ಉಸಿರಾಡಿಸಿ, ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತೇವೆ. ಅಂದೂ ಇಟ್ಟೆ. ಬೆಚ್ಚಗಿತ್ತು. ಬಾವಿಯ ಕಟ್ಟೆಯ ಮೇಲೆ ಮುಂಜಾನೆಯಿಂದ ಬಿಸಿಲಿನಲ್ಲಿದ್ದ ಡಬ್ಬಿ ಬೆಚ್ಚಗಿರದೆ ಇನ್ನೇನಾಗುತ್ತದೆ? ನನ್ನ ಪಕ್ಕದ ಚಹಾದ ಕೆಟಲೂ ಬೆಚ್ಚಗಿತ್ತು, ಕಟ್ಟೆಯ ಕಲ್ಲೂ ಬೆಚ್ಚಗಿತ್ತು. ಕಾಳಿನಲ್ಲಿ ಅಲ್ಪಸ್ವಲ್ಪ ತೇವ ಉಳಿದಿದ್ದರಿಂದ ಆ ಐದು ನಿಮಿಷದಲ್ಲಿ ಮೈಬೂಬನಿಗೂ ಏನೂ ಅನಿಸಲಿಲ್ಲ. “ಬಸಣ್ಣನ ಬುತ್ತಿ,” ಎಂದು ತಟ್ಟಿ ಇಳಿದ.

ಎರಡನೆಯ ಹದಿನಾಲ್ಕು ಕೇಳಿದಾಗ ನನ್ನ ಎದೆಗೆ ಆ ಹಳೆಯ ಕುರ್ಚಿ ನೆನಪಾಯಿತು.

“ಮೈಬೂ, ಚಾವಿ ತಿರವಿ ಸಣ್ಣ ಸಿಲಿಂಡರಿಗೆ ಬಾ. ಡಬ್ಬಿ ಸರಿ ಇಲ್ಲ ಕಾಣತೈತಿ.”

“ಯಾಕ? ನಾ ಚಲೋ ಅದೇನಿ.” ಉಸಿರು. “ಹದಿನಾಕು ಚಲೋ ಐತಿ.” ಉಸಿರು. “ಬಸಣ್ಣ, ಇಲ್ಲಿ ಸೆಕಿ ಬಾಳ ಐತಿ. ಮುಖದ್ದು ತಗೀಲೇನು?”

ನೀರಿನೊಳಗೆ ಮುಖವಾಡ ತೆಗೆಯಲು ಅವನು ನನ್ನ ಅಪ್ಪಣೆ ಕೇಳುತ್ತಿದ್ದ. ಬೇಡ, ಹಾಗೆ ಮಾಡಿದರೆ ಸಾಯುತ್ತೀ, ಕಾರಣ ಇದು, ಕೇಳು ಎಂದು ಹೇಳಲು ಬಾಯಿ ತೆರೆದೆ. ಕಾರಣಗಳನ್ನು ಕೇಳಿಸಿಕೊಳ್ಳುವ ಮೈಬೂಬ ಆ ತುದಿಯಲ್ಲಿ ಇರಲಿಲ್ಲ. ಹಗ್ಗ ಎಳೆಯತೊಡಗಿದೆ. ನಲವತ್ತು ಮೀಟರು ಒಳಗಿದ್ದವನು ಜೋಡಣೆಯ ಕಬ್ಬಿಣವನ್ನು ಹಿಡಿದು ಎದುರೆಳೆಯುತ್ತಿದ್ದ.

ಆಗ ನಾನು ಫೋನಿನಲ್ಲಿ ಒಂದೇ ಮಾತು ಹೇಳಿದೆ. ಚಹಾ ಕುಡಿಯುತ್ತ ಸಾಹೇಬರು ಹೇಳುತ್ತಿದ್ದ ಹಾಗೆ, ಗಾಬರಿ ಇಲ್ಲದೆ, ಮೊಟಕಾಗಿ.

“ಚಾವಿ.”

ಏನೂ ಕೇಳಲಿಲ್ಲ. ಮತ್ತೆ ಅಂದೆ. “ಚಾವಿ.”

ಖಟ್ ಎಂಬ ಸದ್ದು ಬಂತು. ಅದರ ಹಿಂದೆಯೇ ಶುದ್ಧ ಗಾಳಿ ನುಗ್ಗುವ ಸುಯ್ಯೆಂಬ ಸದ್ದು. ಅಷ್ಟು ಹೊತ್ತಿಗೆ, ಹಿಂದಿನ ದಿನವಷ್ಟೇ ಬ್ಯಾರೇಜಿನಿಂದ ಮರಳಿದ್ದ ಸಾಹೇಬರು ಜೀಪಿನ ಬಳಿಯಿಂದ ಓಡಿ ಬಂದು ಹಗ್ಗಕ್ಕೆ ಕೈ ಹಚ್ಚಿದ್ದರು. ಈಗ ಹಗ್ಗ ಹಗುರಾಗಿ ಬರುತ್ತಿತ್ತು. ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಮೈಬೂಬನ ತಲೆ ನೀರಿನ ಮೇಲೆ ಕಂಡಿತು. ಕಟ್ಟೆಯ ಮೇಲೆ ಮಲಗಿಸಿದಾಗ ಅವನ ಎಡಗೈ ಇನ್ನೂ ಎದೆಯ ಮೇಲಿನ ಚಾವಿಯನ್ನು ಹಿಡಿದುಕೊಂಡೇ ಇತ್ತು. ವಾಂತಿ ಮಾಡಿಕೊಂಡ. ತಲೆ ಹಿಡಿದುಕೊಂಡು, “ಹದಿನೈದು ಬಿಟ್ಟ ಬಂದೆ,” ಎಂದ.

ವಿಜಯಪುರದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅವನು ಉಳಿದ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಂದು ಸ್ಥಳದಲ್ಲಿದ್ದ ಕಾಲುವೆ ಇಲಾಖೆಯ ಎಂಜಿನಿಯರರು, ಡೈವರ್ ಕತ್ತಲಿಗೆ ಹೆದರಿ ಬುದ್ಧಿ ಕಳೆದುಕೊಂಡ ಎಂದು ಬರೆದು ಕೊಟ್ಟರು. ಸಾಹೇಬರು ಅಂದೇ ಅಲ್ಲೇ ಡಬ್ಬಿ ಬಿಚ್ಚಿ ನೋಡಿದರೆ ಕಾಳೆಲ್ಲ ಬೆಳ್ಳಗೆ, ಬಣ್ಣ ತಿರುಗಿರಲಿಲ್ಲ. ಬಣ್ಣ ತಿರುಗದಿದ್ದರೆ ಕಾಳು ಸರಿಯಿದೆ ಎಂದೇ ಎಲ್ಲರ ತಿಳಿವಳಿಕೆ. ಹಾಗಾದರೆ ತಪ್ಪು ಮನುಷ್ಯನದು. ಏನನ್ನೂ ಹೀರದ ಕಾಳೂ ಬೆಳ್ಳಗೇ ಉಳಿಯುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನೀರಿನಲ್ಲಿ ಒಮ್ಮೆ ಹೆದರಿದವನನ್ನು ಮತ್ತೆ ಇಳಿಸುವುದಿಲ್ಲ. ಮೈಬೂಬನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಸಾಹೇಬರು ಆ ವರದಿಗೆ ಸಹಿ ಮಾಡಲು ಎರಡು ದಿನವಿತ್ತು. ಆ ಹೊತ್ತಿಗೆ ನಾನು ಡ್ರಮ್ಮಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ್ದೆ. ಮೊದಲ ದಿನ ಸುಮ್ಮನಿದ್ದೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ: ಇಡೀ ಒಂದು ದಿನ ಅವನ ಹೆಸರು ಕೆಡುವುದನ್ನು ನೋಡುತ್ತ ಸುಮ್ಮನಿದ್ದೆ. ಎರಡನೆಯ ದಿನ ಮುಂಜಾನೆ ಸಾಹೇಬರ ಮೇಜಿನ ಮುಂದೆ ನಿಂತು ಹೇಳಿದೆ.

ಅವರು ಎದ್ದು ಡ್ರಮ್ಮಿನ ಬಳಿ ಹೋಗಿ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರು. ಹಿಟ್ಟಾಯಿತು.

“ಎಲ್ಲಿ ಒಣಗಿಸಿದಿ?”

“ತಿಕೋಟಾದಾಗ್ರಿ. ಅಣ್ಣನ ಶೆಡ್ಡಿನ್ಯಾಗ.”

“ನೀ ಕೆಮಿಸ್ಟ್ರಿ ಓದಿದಾಂವ.”

“ಹೌದ್ರಿ.”

ಅವರು ಬೆರಳಿನ ಹಿಟ್ಟು ಒರೆಸಿಕೊಂಡರು. ಆಮೇಲೆ, “ಹಸಿ ಇರಬೇಕಂತ ನಾ ನಿನಗ ಎಂದೂ ಹೇಳಿಲ್ಲ. ಹಡಗಿನ್ಯಾಗ ಡ್ರಮ್ ಬಿಚ್ಚತಿದ್ವಿ, ತುಂಬತಿದ್ವಿ. ನಡು ಸಮುದ್ರದಾಗ ಒಣಗಿಸೋ ವಿಚಾರ ಯಾರಿಗೆ ಬರತೈತಿ? ಮಣೂಕದ ಊರಾಂವ ಕೆಲಸಕ್ಕ ಬರತಾನಂತ ನಾ ವಿಚಾರ ಮಾಡಬೇಕಿತ್ತು,” ಎಂದರು. ವರದಿಯನ್ನು ಹರಿದು, ಹೊಸ ಹಾಳೆ ತೆಗೆದುಕೊಂಡರು. “ಇದನ್ನ ನಾ ಬರೀತೇನಿ. ಮೈಬೂಬಗ ನೀನ ಹೋಗಿ ಹೇಳು.”

ಮೈಬೂಬ ಮನೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಹೆಂಡತಿ ರೆಹಾನಾ ಬಾಗಿಲ ಬಳಿ ನಿಂತಿದ್ದಳು. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ನನ್ನ ಮುಖ ನೋಡದೆ ಕೇಳಿದ.

“ಎಷ್ಟ ದಿನಾ ಒಣಗಿಸಿದಿ?”

“ಎರಡ ದಿನ.”

“ಮಣೂಕಕ್ಕ ಹದಿನೈದು ದಿನಾ ಬೇಕಂತೀ. ನನ್ನ ಎರಡ ದಿನದಾಗ ಮುಗಸಾಂವಿದ್ದಿ.” ತಾನೇ ನಕ್ಕು, ತಲೆ ನೋವಾಗಿ ಹಣೆ ಒತ್ತಿಕೊಂಡ.

“ನೀವು ನಗ್ರಿ,” ಎಂದಳು ರೆಹಾನಾ. “ನನಗ ನಗಿ ಬರವಲ್ದು. ಬಸಣ್ಣಾರ, ನಿಮ್ಮ ಹೆಸರ ತಗೊಂಡ ನೀರಿಗೆ ಇಳೀತಾರ್ರಿ ಇವ್ರು.”

ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅಂದೇ ಡಬ್ಬಿ ತುಂಬುವ ಕೆಲಸವನ್ನು ನನ್ನಿಂದ ತೆಗೆದರು, ಅದು ನ್ಯಾಯವೇ. ಪದ್ಧತಿಯೂ ಬದಲಾಯಿತು. ಡ್ರಮ್ಮಿನ ಮುಚ್ಚಳದ ಮೇಲೆ ಸಾಹೇಬರು ಕೆಂಪು ಅಕ್ಷರದಲ್ಲಿ ‘ಹಸಿ ಇರಬೇಕು’ ಎಂದು ಬರೆಸಿದರು. ಡಬ್ಬಿಯನ್ನು ನೆರಳಿನಲ್ಲಿಟ್ಟು, ತಣ್ಣಗಿದೆ ಎಂದು ಮೊದಲು ನೋಡಿ, ಆಮೇಲೆ ಬೆಚ್ಚಗಾಯಿತೇ ಎಂದು ನೋಡುವ ನಿಯಮ ಬಂತು. ಕಾಳನ್ನು ಇಬ್ಬರು ಮುಟ್ಟಿ ನೋಡಿ ಸಹಿ ಹಾಕಬೇಕಾಯಿತು. ಈಗೀಗ ಹಲವು ಕಡೆ ಕಾರ್ಖಾನೆಯಲ್ಲೇ ತುಂಬಿದ ಡಬ್ಬಿಗಳು ಬರುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಮುಖವಾಡದಲ್ಲೇ ದೀಪ ಹತ್ತುತ್ತದೆ. ಹಲವು ಸುರಂಗಗಳಿಗೆ ಕ್ಯಾಮೆರಾ ಹೊತ್ತ ಯಂತ್ರವನ್ನೇ ಕಳಿಸುತ್ತಾರೆ. ಒಳ್ಳೆಯದಾಯಿತು. ಆದರೂ ದೀಪವನ್ನು ನಂಬಿ ಕೂರುವವರಿಗೆ ನಾನು ಹೇಳುವುದಿಷ್ಟೆ: ಡೈವರ್ ಏನು ಹೇಳುತ್ತಾನೆ ಎಂಬುದಕ್ಕಿಂತ ಹೇಗೆ ಹೇಳುತ್ತಾನೆ ಎಂಬುದನ್ನು ಕೇಳಿ.

ನನ್ನ ನಿದ್ದೆ ಅಂದೇ ಹೋಗಿತ್ತು. ಕಣ್ಣು ಹತ್ತಿದ ಕೂಡಲೇ ಬಾವಿಯ ಕಟ್ಟೆ, ಹಗ್ಗ, ಉಸಿರು. ಹೆಂಡತಿ ಶಾಂತಾ ಹೇಳುತ್ತಿದ್ದಳು: “ನಿದ್ದಿಯೊಳಗ ಎಣಸತೀರಿ ನೀವು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಕಕ್ಕ ಬಂದು ಎದ್ದ ಕೂಡತೀರಿ.” ಒಬ್ಬನೇ ಸಿದ್ಧೇಶ್ವರ ಗುಡಿಯ ಸುತ್ತ ನಸುಕಿನಲ್ಲಿ ತಿರುಗಾಡುವುದು ರೂಢಿಯಾಯಿತು. ಹೂವಿನವರು ಬುಟ್ಟಿ ಇಳಿಸುವ ಹೊತ್ತಿಗೆ ಮನೆಗೆ ಮರಳುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಅದೇ ಸುರಂಗದ ಉಳಿದ ಜೋಡಣೆಗಳನ್ನು ನೋಡಬೇಕೆಂದು ಪತ್ರ ಬಂತು. ವೈದ್ಯರು ಮೈಬೂಬನಿಗೆ ಇಳಿಯಬಹುದೆಂದು ಬರೆದುಕೊಟ್ಟಿದ್ದರು. ಅವನು ಸಾಹೇಬರ ಮುಂದೆ ನಿಂತು ಹೇಳಿದ, “ಡಬ್ಬಿ ಬಸಣ್ಣ ತುಂಬಿದ್ರ ಇಳೀತೇನ್ರಿ. ಇಲ್ಲಾಂದ್ರ ಬ್ಯಾರೆಯವರ್ನ ನೋಡ್ರಿ.”

“ತಲಿ ಸರಿ ಐತೇನೋ ನಿಂದು?” ಎಂದೆ ನಾನು.

“ಸರಿ ಐತಿ. ನಿನ್ನಷ್ಟು ಹೆದರಿದಾಂವ ಈ ಕಚೇರಿಯೊಳಗ ಯಾರೂ ಇಲ್ಲ. ಹೆದರಿದಾಂವ ನಾಕ ಸಲ ಮುಟ್ಟಿ ನೋಡತಾನ.”

ನಾನು ಆರು ಸಲ ಮುಟ್ಟಿ ನೋಡಿದೆ. ಸುರಿದೆ, ಬಡಿದೆ, ಸುರಿದೆ. ಸಾಹೇಬರೂ ಮುಟ್ಟಿ ನೋಡಿ ಸಹಿ ಹಾಕಿದರು. ಕಟ್ಟೆಯ ಪಕ್ಕದ ಬೇವಿನ ನೆರಳಿನಲ್ಲಿ ಡಬ್ಬಿ ತಣ್ಣಗಿತ್ತು. ಐದು ನಿಮಿಷದ ಮೇಲೆ ಅಂಗೈಗೆ ಹದವಾಗಿ ಬೆಚ್ಚಗೆ ತಾಗಿತು. ಮೈಬೂಬ ಈ ಸಲ ಡಬ್ಬಿಯನ್ನು ತಟ್ಟಲಿಲ್ಲ. ನನ್ನ ಮುಖ ನೋಡಿ ಇಳಿದ.

ಮೊದಲಿನಿಂದ ಎಣಿಸುತ್ತ ಹೋದ. ಹನ್ನೆರಡು. ಹದಿಮೂರು. ಹದಿನಾಕು, ಚಲೋ ಐತಿ. ನಾನು ಪೆನ್ನು ಹಿಡಿದು ಕೂತೆ. ಫೋನಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು, ಮಲಗಿದ ಮಗುವಿನ ಉಸಿರಿನಷ್ಟು ನಿಧಾನವಾಗಿ.

“ಬಸಣ್ಣ.”

“ಹೇಳು.”

“ಹದಿನೈದು. ಬಿರಕ ಬಿಟ್ಟೈತಿ. ಬರಕೋ.”

ಬರೆದುಕೊಂಡೆ. ಇಪ್ಪತ್ತಾರನ್ನೂ ಎಣಿಸಿ, ತಾನೇ ಈಜಿಕೊಂಡು ಮರಳಿ ಬಂದ. ಡಬ್ಬಿ ಬಿಚ್ಚಿದರೆ ಕಾಳು ಅರ್ಧಕ್ಕೆ ನೇರಳೆಯಾಗಿತ್ತು. ಅಷ್ಟು ಚೆಂದದ ಬಣ್ಣವನ್ನು ನಾನು ಮತ್ತೆ ನೋಡಿಲ್ಲ.

ಮರುದಿನ ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ನಡುವಿನವರೆಗೆ ಬಂದಿತ್ತು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಕಚೇರಿಗೆ ಹೊತ್ತಾಯಿತೆಂದು ಗಡಬಡಿಸಿ ಎದ್ದು, ಯಾಕೆ ಎಬ್ಬಿಸಲಿಲ್ಲ ಎಂದು ಶಾಂತಾಳನ್ನು ಕೇಳಿದೆ.

ಅವಳು ಒಲೆಯ ಮುಂದಿನಿಂದ ತಿರುಗದೆ ಹೇಳಿದಳು, “ಎಣಸಾಕತ್ತಿದ್ದಿಲ್ರಿ. ಮಲಗಲಿ ಅಂತ ಬಿಟ್ಟೆ.”